ಗ್ಯಾಸ್ ಕಿಟ್ಟಿಗೆ ಮಂಗಳಾರತಿ

ಹೆಂಡತಿ ತೀರಿಕೊಂಡ ವರ್ಷ ನಮ್ಮ ಹಳೆಯ ಪುಟ್ಟ ಕಾರಿಗೆ ಗ್ಯಾಸ್ ಕಿಟ್ ಹಾಕಿಸಿದೆ. ದಿನವೂ ತುಮಕೂರಿನಿಂದ ಗುಬ್ಬಿಯ ಶಾಲೆಗೆ ಹೋಗಿಬರಲು ಪೆಟ್ರೋಲ್ ದುಬಾರಿಯಾಗಿತ್ತು. ಶಿರಾ ಗೇಟ್ ಬಳಿಯ ಮೆಕ್ಯಾನಿಕ್ ರಾಜಣ್ಣ ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿ, ಏರ್ ಫಿಲ್ಟರ್ ಬದಲಾಯಿಸಿ ಕೈ ಒರೆಸಿಕೊಂಡ.

"ಇನ್ಮೇಲೆ ಖರ್ಚು ಕಮ್ಮಿ, ಪಿಕಪ್ಪೂ ಚೆನ್ನಾಗ್ ಬತ್ತದೆ ಮೇಷ್ಟ್ರೇ."

ಡಿಕ್ಕಿ ತೆರೆದೇ ಇತ್ತು. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಆರಿಹೋದಾಗ ಬರುವಂಥ ವಾಸನೆ ಮೂಗಿಗೆ ಬಡಿಯಿತು.

"ರಾಜಣ್ಣ, ಗ್ಯಾಸ್ ವಾಸನೆ ಬರ್ತಿದೆಯಲ್ಲಪ್ಪ?" ಎಂದೆ.

"ಹೊಸದಲ್ವಾ, ಹಂಗೇ ಇರ್ತದೆ ಬುಡಿ. ಮೊದ್ಲು ಪೂಜೆ ಆಗ್ಲಿ."

ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟ. ಬಾನೆಟ್ಟಿಗೆ ಮಂಗಳಾರತಿ ಎತ್ತಿದ. ಆಮೇಲೆ ಉರಿಯುತ್ತಿದ್ದ ಕರ್ಪೂರದ ತಟ್ಟೆ ಹಿಡಿದು ಡಿಕ್ಕಿಯತ್ತ ನಡೆದ.

"ಸಿಲಿಂಡರ್‌ಗೂ ಒಂದ್ಸಲ ಎತ್ಬುಡ್ತೀನಿ."

ಎಚ್ಚರವಾದಂತೆ ನೋಡಿಕೊಂಡರೆ, ರಸ್ತೆ ದಾಟಿ ಎದುರಿನ ಟೈರ್ ಅಂಗಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಅಲ್ಲಿಂದ "ಗ್ಯಾಸ್! ಬೆಂಕಿ!" ಎಂದು ಕಿರುಚಿದೆ.

ರಾಜಣ್ಣ ನಿಂತ. ಮೂಸಿದ. ತಟ್ಟೆಯನ್ನು ಪಂಕ್ಚರ್ ನೋಡುವ ನೀರಿನ ತೊಟ್ಟಿಗೆ ಎಸೆದ.

ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿದಾಗ ಗುಳುಗುಳು ಗುಳ್ಳೆಗಳೆದ್ದವು. ರಾಜಣ್ಣ ನಟ್ ಬಿಗಿ ಮಾಡಿದ. ನಾನು ರಸ್ತೆ ದಾಟಿ ವಾಪಸು ಬಂದಾಗ ಸ್ಪ್ಯಾನರ್ ಕೆಳಗಿಟ್ಟ.

"ಕಾರಿನ್ ಪಿಕಪ್ ಆಮ್ಯಾಕ್ ನೋಡವ. ನಿಮ್ದಂತೂ ಸಕತ್ತಾಗೈತೆ ಮೇಷ್ಟ್ರೇ!"

ಇನ್ನು ಯಾರಿಗಾಗಿ ಬದುಕಬೇಕು ಎಂದು ಅವತ್ತು ಬೆಳಿಗ್ಗೆ ಕೂಡ ಅಂದುಕೊಂಡಿದ್ದೆ. ನನ್ನ ಕಾಲುಗಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ.