ರನ್‌ವೇ ಪಕ್ಕದ ಹುಲ್ಲು

ಮೊನ್ನೆ ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ನಡುವಿನ ಹುಲ್ಲನ್ನು ಯಂತ್ರದಲ್ಲಿ ಕತ್ತರಿಸುತ್ತಿದ್ದರು. ಹಸಿ ಹುಲ್ಲಿನ ವಾಸನೆ, ಅದರೊಳಗೆ ಒಂದಿಷ್ಟು ಪೆಟ್ರೋಲು... ಪಕ್ಕೆಗೆ ಯಾರೋ ಕೋಲಿನಿಂದ ತಿವಿದಂತಾಯಿತು. ತಿರುಗಿದರೆ ಯಾರೂ ಇರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ, ಯಲಹಂಕದ ಈಚೆಗೆ ಬಯಲಿನಲ್ಲಿದ್ದ ಒಂದು ಸಣ್ಣ ವಿಮಾನ ಕಂಪನಿಗೆ ಸೇರಿದ್ದೆ. ಕಂಪನಿಗೆ ಸ್ವಂತ ವಿಮಾನವಿರಲಿಲ್ಲ. ಬೊಂಬಾಯಿಯವರಿಂದ ಗುತ್ತಿಗೆಗೆ ತಂದ ಒಂದೇ ಒಂದು ವಿಮಾನವನ್ನು ಗಣಿ ಮಾಲೀಕರಿಗೆ, ಮದುವೆಗೆ ಹೊರಟ ಸಾಹುಕಾರರಿಗೆ ಬಾಡಿಗೆಗೆ ಓಡಿಸುತ್ತಿದ್ದರು. ರನ್‌ವೇಗೆ ದನ ನುಗ್ಗದಂತೆ ಕಾಯುವುದು, ಅಂಚಿನ ಹುಲ್ಲು ಕೊಯ್ಯುವುದು ನನ್ನ ಕೆಲಸ.

ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ದನ ಮೇಯಿಸಲು ಬರುತ್ತಿದ್ದರು. ವಿಮಾನವಿಲ್ಲದ ದಿನ ಅವರ ದನಗಳನ್ನು ನಾನೇ ಒಳಗೆ ಬಿಡುತ್ತಿದ್ದೆ. ದನಕ್ಕೆ ಮೇವು ಸಿಗುತ್ತಿತ್ತು, ನನಗೆ ಕುಡುಗೋಲು ಹಿಡಿಯುವ ಕಷ್ಟ ತಪ್ಪುತ್ತಿತ್ತು. ಅಜ್ಜಿಯ ಕಿವಿ ಬಲು ಚುರುಕು. ವಿಮಾನ ಬರುವ ದಿನ ದನಗಳನ್ನು ಹೊರಗೇ ಮೇಯಿಸುತ್ತಿದ್ದರು; ಅದರ ಸದ್ದು ನನಗಿಂತ ಮೊದಲು ಅವರಿಗೆ ಕೇಳುತ್ತಿತ್ತು.

"ಬಂತು ನಿನ್ ಗಂಡಬೇರುಂಡ, ಏಳ್ಲಾ ಸೋಮಾರಿ" ಎಂದು ಮಲಗಿದ್ದ ನನ್ನ ಪಕ್ಕೆಗೆ ಕೋಲಿನಿಂದ ತಿವಿಯುತ್ತಿದ್ದರು.

ಗುತ್ತಿಗೆ ಮುಗಿದು ಆ ವಿಮಾನ ವಾಪಸು ಹೋಯಿತು. ಮಳೆ ಹಿಡಿದು, ದನ ಮೇಯ್ದಷ್ಟೂ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಒಂದು ಬೆಳಿಗ್ಗೆ, ಇವತ್ತು ಏನೂ ಬರುವುದಿಲ್ಲ ಎಂದು ಹೇಳಿ ಅಜ್ಜಿಯನ್ನು ಒಳಗೆ ಬಿಟ್ಟೆ. ಆಮೇಲೆ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆದು, ಗುತ್ತಿಗೆಯ ಹೊಸ ವಿಮಾನ ಮಧ್ಯಾಹ್ನ ಇಳಿಯುತ್ತದೆ, ಅದರ ಮಾಲೀಕರೂ ಬರುತ್ತಾರೆ, ಅಷ್ಟರಲ್ಲಿ ಹುಲ್ಲು ಹೋಗಿರಬೇಕು ಎಂದರು. ನಾನು ಅಜ್ಜಿಗೆ ಹೇಳಲಿಲ್ಲ. ಹೇಳಿದರೆ ದನ ಹೊಡೆದುಕೊಂಡು ಹೋಗಿಬಿಡುತ್ತಾರೆ... ಇನ್ನೊಂದಷ್ಟು ಮೇಯಲಿ ಎಂದುಕೊಂಡೆ.

ವಿಮಾನ ಮೊದಲೇ ಬಂತು. ಸದ್ದು ಕೇಳಿದ್ದೇ ಅಜ್ಜಿ ದನಗಳನ್ನು ಅಟ್ಟಿದರು. ನಡುವೆ ನಿಂತುಬಿಟ್ಟ ಕರುವಿಗಾಗಿ ಮತ್ತೆ ಓಡಿದರು. ಕರು ಉಳಿಯಿತು. ಅಜ್ಜಿಗೆ ವಿಮಾನದ ರೆಕ್ಕೆ ಬಡಿಯಿತು.

ಮ್ಯಾನೇಜರು ನನ್ನ ಮುಖ ನೋಡಿದರು.

"ವಿಮಾನ ಬರುತ್ತೆ, ಬೇಡ ಅಂದೆ ಸಾರ್. ಕೇಳ್ಲಿಲ್ಲ" ಎಂದೆ.

ಜೀಪಿನಲ್ಲಿ ಮಲಗಿಸಿದ್ದ ಅಜ್ಜಿ ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು.

"ಊಂ... ಉಡುಗ ಬ್ಯಾಡ ಅಂದಿದ್ದ. ನಂಗೇ ಕಿವಿ ಮಂದ."

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ನನ್ನ ಕೆಲಸ ಉಳಿಯಿತು. ತಿಥಿಗೆ ಹೋಗಿ ಊಟವನ್ನೂ ಮಾಡಿದೆ. ಪಂಕ್ತಿಯಲ್ಲಿ ಕೂತವರು, ಮುದುಕಿಗೆ ಕಿವಿ ಯಾವಾಗ ಮಂದವಾಯಿತೋ ಎಂದು ಅಚ್ಚರಿಪಡುತ್ತಿದ್ದರು. ನಾನು ಎಲೆಯಿಂದ ತಲೆ ಎತ್ತಲಿಲ್ಲ...

ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಅಜ್ಜಿಯ ಮನೆಯವರಿಗೆ ನಾನು ಇವತ್ತಿನವರೆಗೂ ನಿಜ ಹೇಳಿಲ್ಲ. ಈಗ ದಿನವಿಡೀ ನಮ್ಮ ತಲೆಯ ಮೇಲೆ ವಿಮಾನಗಳು ಹಾರುತ್ತವೆ. ಮೊಮ್ಮಗಳು ಆಕಾಶ ತೋರಿಸುತ್ತಾಳೆ. ನಾನು ಮೊದಲು ನೆಲ ನೋಡುತ್ತೇನೆ, ಅಡ್ಡ ಯಾರಾದರೂ ಇದ್ದಾರೇನೋ ಎಂದು.