ಸಭೆಗೆ ಅತ್ತೆಯನ್ನೂ ಕರೆತಂದವರು

ಹೋದ ವಾರ ಬಸ್ ನಿಲ್ದಾಣದ ಹಿಂದೆ ಯಾರೋ ಹಳೆಯ ಟಾಯರಿಗೆ ಬೆಂಕಿ ಹಚ್ಚಿದ್ದರು. ಆ ಕಮಟು ಹೊಗೆ ಮೂಗಿಗೆ ಬಡಿಯುತ್ತಲೇ ನನ್ನ ಸೀನಿಯರ್ ಮೇಡಂ ನೆನಪಾದರು. ನಾನು ವಕೀಲಿ ಕಲಿತದ್ದು ಅವರ ಕೈಕೆಳಗೆ.

ಆ ವರ್ಷ ಹೋಳಿ ಹುಣ್ಣಿಮೆ ಮುಗಿದು ಬೇವು ಚಿಗುರುವ ಹೊತ್ತಿಗೆ ನಮ್ಮೂರಿನಲ್ಲಿ ಪ್ರತ್ಯೇಕ ಜಿಲ್ಲೆಯ ಹೋರಾಟ ಕಾವೇರಿತ್ತು. ಇವತ್ತು ಬಂದ್, ನಾಳೆ ರಸ್ತೆ ತಡೆ. ಧಾರವಾಡದ ಬಸ್ಸು ಹೊರಟರೆ ಹೊರಟಿತು, ಇಲ್ಲದಿದ್ದರೆ ಇಲ್ಲ. ನಾವು ಕೆಲವು ವಕೀಲರೂ ಕೋರ್ಟಿನ ಕಲಾಪ ಬಹಿಷ್ಕರಿಸಿ ಒಂದು ಸಮಿತಿ ಮಾಡಿಕೊಂಡಿದ್ದೆವು. ಮೇಡಂ ಅದರ ಕಾರ್ಯದರ್ಶಿ. ದಿನಾ ಮಧ್ಯಾಹ್ನ ಸಭೆ.

ಮನೆಯಲ್ಲಿ ಅವರ ಅತ್ತೆಗೆ ಮರೆವಿನ ಕಾಯಿಲೆ. ಉಂಡದ್ದು ನೆನಪಿಲ್ಲ, ಸೊಸೆಯ ಗುರುತೂ ಇಲ್ಲ. ಯಜಮಾನರು ರಾಮದುರ್ಗದಲ್ಲಿ ಮೇಷ್ಟ್ರು. ಬಸ್ಸಿಲ್ಲದೆ ವಾರಕ್ಕೊಮ್ಮೆ ಬರುವುದೂ ನಿಂತುಹೋಗಿತ್ತು. ಸಭೆಗೆ ಹೊರಡುವಾಗ ಮೇಡಂ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕುತ್ತಿದ್ದರು.

"ಮಂದಿಗೆ ಜಾಮೀನು ಕೊಡಸ್ತೇನಿ, ನಮ್ಮತ್ತಿನ್ನ ಒಳಗ ಹಾಕಿ ಬರ್ತೇನಿ ನೋಡವಾ" ಎಂದು ಒಮ್ಮೆ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು…

ಒಂದು ಮಧ್ಯಾಹ್ನ ಅವರು ಸಭೆಯಲ್ಲಿ ಎದ್ದು ನಿಂತು, ಗಂಡ ಬಿಟ್ಟ ಹೆಂಗಸರ ಜೀವನಾಂಶದ ಕೇಸುಗಳನ್ನಾದರೂ ನಡೆಸೋಣ ಎಂದು ವಾದಿಸುತ್ತಿದ್ದರು. "ಅವರ ಒಲಿಗೆ ಬಂದ್ ಗಿಂದ್ ತಿಳಿಯಂಗಿಲ್ರಿ" ಎನ್ನುವಷ್ಟರಲ್ಲಿ ಪಕ್ಕದ ಮನೆಯಾಕೆಯ ಫೋನು ಬಂತು. ಹಿತ್ತಲ ಬಾಗಿಲು ತೆರೆದಿದೆ, ಅತ್ತೆ ಕಾಣುತ್ತಿಲ್ಲ. ಮೇಡಂ ಮಾತು ಅಲ್ಲೇ ಬಿಟ್ಟು ಹೊರಟರು. "ಹೆಣ್ಣಮಕ್ಕಳಿಗೆ ಹುದ್ದೆ ಕೊಟ್ರ ಇದ ಹಣೇಬಾರ" ಎಂದರು ಹಿಂದಿನಿಂದ ಒಬ್ಬ ಹಿರಿಯ ವಕೀಲರು. ಮೇಡಂಗೆ ಕೇಳಿಸಿತ್ತು. ತಿರುಗಿ ನೋಡಲಿಲ್ಲ.

ನನ್ನ ಸ್ಕೂಟಿಯ ಮೇಲೆ ಪೇಟೆ, ಬಸ್ ನಿಲ್ದಾಣ, ಗುಡಿ ಎಲ್ಲ ಹುಡುಕಿದೆವು. "ದೇಗಾಂವದ ಕಡೆ ನಮ್ಮತ್ತಿ ತವರಮನಿ ಐತಿ. ಕಿತ್ತೂರ ರಸ್ತೆಗೆ ತಿರುಗಸು" ಎಂದರು ಮೇಡಂ.

ಊರು ದಾಟಿದ ಕೂಡಲೇ ರಸ್ತೆ ತಡೆ. ಉರಿಯುವ ಟಾಯರು, ಪಕ್ಕದಲ್ಲಿ ಪೆಂಡಾಲು. ಮುಂದಿನ ಸಾಲಿನಲ್ಲೇ ಅತ್ತೆ ಚಹಾ ಕುಡಿಯುತ್ತ ಕುಳಿತಿದ್ದರು! "ನಮ್ಮ ಕೂಡ ಕುಂಡ್ರಾಕ ಬಂದಾಳ್ರಿ ಆಯಿ. ಎಷ್ಟ ಜೋರ ಘೋಷಣಾ ಕೂಗಿದ್ಲು ಅಂತೀರಿ" ಎಂದ ಹೋರಾಟಗಾರನೊಬ್ಬ ಹೆಮ್ಮೆಯಿಂದ. ಮೇಡಂ ಜೋರಾಗಿ ನಕ್ಕರು. ನಗುನಗುತ್ತಲೇ ಡಾಂಬರಿನ ಮೇಲೆ ಕುಸಿದು ಕುಳಿತು ಅಳತೊಡಗಿದರು.

ಅತ್ತೆ ಕಪ್ಪು ಕೆಳಗಿಟ್ಟು ಸೆರಗಿನಿಂದ ಅವರ ಮುಖ ಒರೆಸಿದರು. "ಯಾರ ಮಗಳವಾ ನೀ? ಅಳಬ್ಯಾಡ. ಮನ್ಯಾಗ ನಿನಗ ಯಾರೂ ಇಲ್ಲೇನು?"

"ನೀವ ಅದೀರಲ್ರಿ, ಅತ್ತಿ" ಎಂದರು ಮೇಡಂ.

ಮರುದಿನ ಅವರು ಅತ್ತೆಯನ್ನು ಕೈಹಿಡಿದು ಸಭೆಗೇ ಕರೆತಂದರು. "ಇದು ಸಭಾ ಅದ್ರಿ, ಮನಿ ಅಲ್ಲ" ಎಂದು ಅದೇ ಹಿರಿಯರು ಗೊಣಗಿದರು.

"ಮನಿಗೆ ಓಡಿದ್ರ ಹೆಂಗಸರಿಗೆ ಜವಾಬ್ದಾರಿ ಇಲ್ಲ ಅಂತೀರಿ. ಅದಕ್ಕ ಮನೀನ ಇಲ್ಲಿಗೆ ತಂದೇನಿ" ಎಂದರು ಮೇಡಂ. ಆ ದಿನವೇ ಜೀವನಾಂಶದ ಕೇಸುಗಳಿಗೆ ಹಾಜರಾಗಲು ಸಮಿತಿ ಒಪ್ಪಿತು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ…

ಯುಗಾದಿಯ ಆಸುಪಾಸಿನಲ್ಲಿ ಒಂದು ಸಭೆ ಜಗಳಕ್ಕೆ ತಿರುಗಿತು. ಯಾರೋ ಮೇಜು ಗುದ್ದಿದರು, ಯಾರೋ ಕುರ್ಚಿ ಒದ್ದರು. ಅತ್ತೆ ಬೆದರಿ ಚೀರಿದರು. ಕುಳಿತಲ್ಲೇ ಸೀರೆ ಒದ್ದೆಯಾಯಿತು. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ಮೇಡಂ ತಮ್ಮ ಕರಿ ಕೋಟು ಬಿಚ್ಚಿ ಅತ್ತೆಯ ನಡುವಿಗೆ ಸುತ್ತಿ, ಮೆಲ್ಲಗೆ ನಡೆಸಿಕೊಂಡು ಹೋದರು. ಮತ್ತೆಂದೂ ಸಭೆಗೆ ಬರಲಿಲ್ಲ.

ಮಳೆಗಾಲಕ್ಕೆ ಹೋರಾಟ ತಣ್ಣಗಾಯಿತು. ಅಷ್ಟರಲ್ಲಿ ಮೇಡಂ ತಮ್ಮ ಕೇಸುಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಿ ಅತ್ತೆಯೊಂದಿಗೆ ರಾಮದುರ್ಗ ಸೇರಿದ್ದರು. ವಕೀಲಿ ಅಲ್ಲಿಗೆ ಮುಗಿಯಿತು. ಅತ್ತೆ ತೀರಿಕೊಂಡ ಮೇಲೆ, ಇನ್ನಾದರೂ ಮತ್ತೆ ಕೋರ್ಟಿಗೆ ಬನ್ನಿ ಎಂದು ಫೋನಿನಲ್ಲಿ ಬೇಡಿಕೊಂಡೆ. "ಕಾನೂನು ಮರತೇನಿ ಬಿಡವಾ" ಎಂದು ಮಾತು ಮರೆಸಿದರು.

ಎರಡು ವರ್ಷದ ಹಿಂದೆ ಅವರೂ ತೀರಿಕೊಂಡರು. ನಾವು ಹಳಬರೆಲ್ಲ ಸೇರಿ ಸಂತಾಪ ಸಭೆ ಮಾಡಿದೆವು. ಆ ಹಿರಿಯರೇ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದರು. "ಮನಿ, ವೃತ್ತಿ ಎರಡನ್ನೂ ಭಾಳ ಚಂದ ತೂಗಿಸಿದ ತಾಯಿ" ಎಂದರು. ನನ್ನ ಸರದಿ ಬಂದಾಗ ಒಂದೇ ಮಾತು ಬಾಯಿಗೆ ಬಂತು: "ತೂಗಸಲಿಲ್ರಿ. ಒಂದನ್ನ ಬಿಡಬೇಕಾತು."

ಈಗ ನನ್ನ ಕೈಕೆಳಗೆ ಒಬ್ಬ ಹುಡುಗಿ ಇದ್ದಾಳೆ, ಕೂಸಿನ ತಾಯಿ. ಮೊನ್ನೆ ವಕೀಲರ ಸಭೆಗೆ ಹೊರಟವಳು ಬಾಗಿಲಲ್ಲೇ ನಿಂತು, "ಎರಡೂ ಹೆಂಗ ನಡಸೂದ್ರಿ ಮೇಡಂ?" ಎಂದು ಕೇಳಿದಳು. ಇದಕ್ಕೆ ಉತ್ತರ ನನ್ನ ಮೇಡಂಗೂ ಸಿಕ್ಕಿರಲಿಲ್ಲ, ಬಲ್ಲೆ. ಆದರೂ ಕೇಳುವುದಕ್ಕೆ ಅವರು ಇರಬೇಕಿತ್ತು.