ಸರೇಸು ಹಚ್ಚಿದ ಮೇಜು

ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ ನನ್ನದು ಎಂದು ಹೇಳಬಹುದಾಗಿದ್ದ ವಸ್ತು ಒಂದೇ, ನಡುಮನೆಯ ಕಿಟಕಿಯ ಪಕ್ಕದ ಮೇಜು. ಅಪ್ಪ ಅದನ್ನು ಯಾವುದೋ ಕಚೇರಿಯ ಹರಾಜಿನಲ್ಲಿ ತಂದಿದ್ದರು. ನೋಡಲು ಇಡೀ ತೇಗದ್ದು. ನಿಜದಲ್ಲಿ ಒಳಗೆ ಪ್ಲೈವುಡ್, ಮೇಲೆ ರಟ್ಟಿಗಿಂತ ತೆಳುವಾದ ತೇಗದ ಪದರ. ಅದಕ್ಕೊಂದು ಡ್ರಾಯರ್, ಡ್ರಾಯರಿಗೊಂದು ಬೀಗ. ಅಪ್ಪ, ಅಮ್ಮ, ಅಜ್ಜಿ ಮತ್ತು ನಾನಿದ್ದ ಆ ಮನೆಯಲ್ಲಿ ಬೀಗವಿದ್ದದ್ದು ಮುಂಬಾಗಿಲಿಗೆ ಮತ್ತು ಈ ಡ್ರಾಯರಿಗೆ ಮಾತ್ರ. ಅದರಲ್ಲಿ ಏನಿಡುತ್ತಿದ್ದೆ ಎಂಬುದನ್ನು ಇಲ್ಲಿಯೂ ಹೇಳುವುದಿಲ್ಲ.

ನಾನು ಎಂ.ಎ. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಪದರ ಅಂಚಿನಲ್ಲಿ ಹಪ್ಪಳದಂತೆ ಉಬ್ಬಿತ್ತು. ಒಂದು ಮೂಲೆ ಪೂರ್ತಿ ಕಿತ್ತುಹೋಗಿತ್ತು. ಆ ಶ್ರಾವಣದಲ್ಲಿ ನಮ್ಮ ಮನೆತನದ ಗುರುಗಳಾದ ದಾವಣಗೆರೆ ಕಡೆಯ ಅಯ್ಯನವರು ಪಾದಪೂಜೆಗೆ ಮನೆಗೆ ಬರುವುದೆಂದು ನಿಶ್ಚಯವಾಯಿತು. ಅಮ್ಮ ನಡುಮನೆಯ ಮಧ್ಯೆ ನಿಂತು ಸುತ್ತ ನೋಡಿದಳು. ಕಣ್ಣು ಮೇಜಿನ ಮೇಲೆ ನಿಂತಿತು.

"ಇದನ್ನ ಹಳೇ ಸಾಮಾನಿನವನಿಗೆ ಹಾಕೋದೇ ವಾಸಿ. ಅಯ್ಯನೋರು ಬಂದಾಗ ಇದು ಇಲ್ಲಿರಬಾರದು."

"ಒಂದು ವಾರ ಕೊಡು. ಸರಿ ಮಾಡ್ತೀನಿ."

"ನೀನಾ? ಸೂಜಿಗೆ ದಾರ ಪೋಣಿಸೋಕೆ ಅಜ್ಜೀನ ಕರೀತೀಯ."

ಸುಂಕದಕಟ್ಟೆಯಲ್ಲಿ ಒಬ್ಬ ಮುದಿ ಬಡಗಿಯಿದ್ದ. ಎರಡು ಬಸ್ಸು ಬದಲಾಯಿಸಿ ಹೋಗಿ, ಮೇಜಿನ ಸ್ಥಿತಿಯನ್ನು ಅಳತೆ ಸಮೇತ ವಿವರಿಸಿದೆ. ಅವನು ಕಿವಿಯ ಮೇಲಿನ ಪೆನ್ಸಿಲ್ ಕೂಡ ತೆಗೆಯಲಿಲ್ಲ.

"ನಾನ್ ಬಂದು ಮಾಡೋ ಖರ್ಚಲ್ಲಿ ಹೊಸ ಮೇಜೇ ಬರುತ್ತಮ್ಮ. ಅಂಗಡೀಲಿ ಸರೇಸು ಕೇಳಿ. ನೆನೆಸಿ, ಬಿಸಿನೀರಲ್ಲಿ ಡಬ್ಬಿ ಇಟ್ಟು ಕರಗಿಸಿ, ನೀವೇ ಅಂಟಿಸ್ಕೊಳಿ. ಸಣ್ಣ ಪುಟ್ಟ ತೂತಿಗೆ ಮರದ ಹೊಟ್ಟು ಕಲಸಿ ಮೆತ್ತಿ."

ಹೊಟ್ಟನ್ನು ಅವನೇ ಒಂದು ಪೊಟ್ಟಣ ಕಟ್ಟಿಕೊಟ್ಟ. ಸರೇಸು ಬೆಲ್ಲದ ಬಣ್ಣದ ಗಟ್ಟಿ ಬಿಲ್ಲೆ. ಮರಕ್ಕೆ ಹಚ್ಚುವುದು ಮರದ ಅಂಟೇ ಇರಬೇಕೆಂದು ಊಹಿಸಿದೆ. ಅರ್ಥಶಾಸ್ತ್ರ ಓದುವವಳು ಆಧಾರವಿಲ್ಲದೆ ಊಹಿಸಬಾರದಿತ್ತು.

ಸೋಮವಾರ ಬೆಳಿಗ್ಗೆ ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿ, ಅಮ್ಮನ ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ನೆನೆಸಿದ ಸರೇಸಿನ ಡಬ್ಬಿಯಿಟ್ಟೆ. ಒಳಗೆ ಅಜ್ಜಿ ಲಿಂಗಪೂಜೆಗೆ ಕೂತಿದ್ದಳು. ಅಂಗೈಯಲ್ಲಿ ಲಿಂಗವಿದ್ದಾಗ ಅವಳು ಮಾತಾಡುವುದಿಲ್ಲ. ಮಾಂಸ ಬೇಯಿಸಿದಂಥ ವಾಸನೆ ಹಬ್ಬಿತು. ಅಜ್ಜಿಯ ಹುಬ್ಬು ಮೇಲೇರಿತು. ಮೂಗು ಗೋಡೆಯಾಚೆಯ ಮಾಲೀಕರ ಮನೆಯ ಕಡೆ ತಿರುಗಿತು. ಪೂಜೆ ಮುಗಿದದ್ದೇ ಹಿತ್ತಲಿಗೆ ಬಂದು ಗೋಡೆಯಾಚೆಗೆ ಕೂಗಿದಳು.

"ಅಲ್ಲಬೇ ತಂಗಿ, ಶ್ರಾವಣ ಸೋಮವಾರನಾದ್ರೂ ಬಿಡಬಾರದೇನು?"

ಮಾಲೀಕರ ಹೆಂಡತಿ ಗೋಡೆಯ ಮೇಲಿಂದ ತಲೆ ಎತ್ತಿದರು. ಹೊಲ ಮಾರಿ ಮನೆ ಕಟ್ಟಿಸಿದ ಊರಿನವರು. "ಅಜ್ಜಮ್ಮಾರೇ, ಸೋಮವಾರ ನಾವೂ ಮುಟ್ಟಾಕಿಲ್ಲ. ನಮ್ಮನೇಲಿ ಹುರುಳಿಕಾಳ್ ಸಾರು. ನಿಮ್ಮ ಮನೆಯಿಂದ್ಲೇ ಬತ್ತೈತೆ ಅಂತ ನಾನೇ ಅಂದ್ಕತಿದ್ದೆ."

ಅಜ್ಜಿಗೆ ಇಂಥ ಅವಮಾನ ಎಪ್ಪತ್ತು ವರ್ಷದಲ್ಲಿ ಆಗಿರಲಿಲ್ಲ. "ಏನು ಅದು ಡಬ್ಬಿಯಾಗೆ?" ಎಂದು ನನ್ನನ್ನು ಕೇಳಿದಳು.

"ಅಂಟು, ಅಜ್ಜಿ."

ಅದು ಸುಳ್ಳಲ್ಲ. ಅಜ್ಜಿ ಒಳಗೆ ಹೋದ ಮೇಲೆ ಮಾಲೀಕರ ಹೆಂಡತಿ ಗೋಡೆ ಸುತ್ತಿ ಬಂದು ಡಬ್ಬಿಗೆ ಬಗ್ಗಿದರು.

"ಸರೇಸು. ನಮ್ಮಪ್ಪ ಕಾಯಿಸ್ತಿದ್ದ. ಇದು ದನದ ತೊಗಲು, ಮೂಳೆ ಕುದ್ಸಿ ಬಸಿಯೋದು ಕಣವ್ವ. ನಿಮ್ಮಜ್ಜಿಗೆ ಗೊತ್ತಾ?"

"ಇಲ್ಲ."

"ಹಂಗಾದ್ರೆ ನಂಗೂ ಗೊತ್ತಿಲ್ಲ ಬಿಡು."

ಅರೆಕ್ಷಣ ಸ್ಟವ್ ಆರಿಸಲು ಕೈ ಹೋದದ್ದು ನಿಜ. ಆದರೆ ಸರೇಸು ಆರಿದರೆ ಗಟ್ಟಿಯಾಗುತ್ತದೆ, ಮೇಜು ಹೋಗುತ್ತದೆ. ಹಳೆಯ ಪೋಸ್ಟ್ ಕಾರ್ಡಿನ ತುದಿಯಿಂದ ಅಂಟನ್ನು ಪದರದ ಕೆಳಗೆ ತೂರಿಸಿದೆ. ಮೇಲೆ ಪಠ್ಯಪುಸ್ತಕಗಳನ್ನು ಹೇರಿದೆ. ಸಾಲದೆ ರುಬ್ಬುವ ಗುಂಡುಕಲ್ಲನ್ನೂ ಇಟ್ಟೆ. ಆ ದಿನ ಮನೆಯಲ್ಲಿ ಚಟ್ನಿಯಿರಲಿಲ್ಲ. ಕಿತ್ತ ಮೂಲೆಗೆ ಮೇಜಿನ ಹಿಂಬದಿಯಿಂದಲೇ ತುಂಡು ಪದರ ಕುಯ್ದು ಕೂರಿಸಿದೆ. ಗೋಡೆಯ ಕಡೆ ಯಾರೂ ನೋಡುವುದಿಲ್ಲ. ಉಪ್ಪುಕಾಗದದಿಂದ ತಿಕ್ಕಿ, ಬಣ್ಣಕ್ಕೆ ಮೂರು ಸಲ ಕಾಫಿ ಡಿಕಾಕ್ಷನ್ ಬಳಿದು, ಮೇಣದಬತ್ತಿ ಉಜ್ಜಿದೆ. ನೀರು ಕಾಯಿಸಿದ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲು ಮನಸ್ಸಾಗದೆ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಕೆಲಸ ಬೇಕಾದ್ದಕ್ಕಿಂತ ಚೆನ್ನಾಗಿ ಆಯಿತು. ಅದೇ ತಪ್ಪಾಯಿತು. ಅಮ್ಮ ಅಂಗೈ ಆಡಿಸಿ, "ಪರವಾಗಿಲ್ವೇ, ಇರಲಿ" ಎಂದಳು. ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು.

"ಪಾದಪೂಜೆ ತಟ್ಟೆ, ವಿಭೂತಿ, ಪ್ರಸಾದ ಎಲ್ಲಾ ಇದರ ಮ್ಯಾಲೇ ಇಡೋಣು. ನಮ್ಮ ಹುಡುಗಿ ಕೈಯಾರೆ ಮಾಡಿದ್ದು."

ಎರಡು ದಿನ ಸುಮ್ಮನಿದ್ದೆ. ಹೇಳಿದರೆ ಮೇಜು ಬೀದಿಗೆ. ಹೇಳದಿದ್ದರೆ ಅಯ್ಯನವರ ಪ್ರಸಾದ ದನದ ಮೂಳೆಯ ಮೇಲೆ. ಅಯ್ಯನವರು ಬರುವ ದಿನ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ, ಒದ್ದೆ ಬಟ್ಟೆ ಹಿಡಿದು ಮೇಜಿನ ಕಡೆ ನಡೆದಾಗ ಬಾಯಿ ತಾನಾಗಿ ತೆರೆಯಿತು. ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅಜ್ಜಿ ಬಟ್ಟೆಯನ್ನು ಎದೆಗೊತ್ತಿಕೊಂಡು ಮೂರು ಹೆಜ್ಜೆ ಹಿಂದೆ ಸರಿದಳು.

"ಯಾವ ಪಾತ್ರಿಯಾಗ ಕುದಿಸಿದಿ?"

"ಡಬ್ಬೀಲಿ. ಡಬ್ಬಿ ಅಮ್ಮನ ಪಾತ್ರೇಲಿ."

"ಆ ಪಾತ್ರಿ ಎಲ್ಲೈತಿ?"

ಡ್ರಾಯರ್ ತೆರೆದೆ. ಅಮ್ಮ ನಾಲ್ಕು ದಿನದಿಂದ ಹುಡುಕುತ್ತಿದ್ದ ಪಾತ್ರೆ ನನ್ನ ಕಾಗದಗಳ ಮೇಲೆ ಕೂತಿತ್ತು. "ಹಾಲಿನೋಳನ್ನ ಸುಮ್ಮಸುಮ್ಮನೆ ಅನುಮಾನಪಟ್ನಲ್ಲೇ" ಎಂದಳು ಅಮ್ಮ. ಆಮೇಲೆ, "ಇವತ್ತೇ ಹಾಕು ಆಚೆಗೆ ಮೇಜು" ಎಂದಳು.

"ಯಾರಿಗೆ ಹಾಕ್ತೀಯ?" ಅಜ್ಜಿ ತಿರುಗಿದಳು. "ಮೈಲಿಗೆ ಅಂತ ಗೊತ್ತಿದ್ದೂ ಇನ್ನೊಬ್ಬರ ಮನೆಗೆ ದಾಟಿಸೋದಾ? ಅದು ಮತ್ತೂ ದೊಡ್ಡ ಪಾಪ. ಮಾಡಿದಾಕೇನೇ ಇಟ್ಕಳ್ಳಿ. ಅಕ್ಕಿಮೂಟೆ ಕೋಣೆಯೊಳಗ ತಳ್ರಿ. ನಮ್ಮಲ್ಲಿ ಯಾರೂ ಅದರ ಮ್ಯಾಲೆ ಕೈ ಇಡಂಗಿಲ್ಲ, ಏನೂ ಇಡಂಗಿಲ್ಲ."

ಅಪ್ಪ ಮತ್ತು ನಾನು ಮೇಜನ್ನು ಎತ್ತಿ ಒಳಗಿಟ್ಟೆವು. ಅಪ್ಪ ಕೈ ತೊಳೆದುಕೊಂಡು ಬಂದರು. ಪಾದಪೂಜೆಯ ತಟ್ಟೆ ಮಣೆಯ ಮೇಲೆ ಕೂತಿತು.

ಮರುದಿನ ನಾನು ಅಕ್ಕಿಮೂಟೆಗಳ ನಡುವೆ ಓದುತ್ತಿದ್ದಾಗ ಅಮ್ಮ ಹೊಸ್ತಿಲಲ್ಲಿ ಬಂದು ನಿಂತಳು. ನಾನು ತಂದುಕೊಂಡಿದ್ದ ಅವಳ ಕತ್ತರಿ ಮೇಜಿನ ಮೇಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

"ಓದ್ತಾ ಇದೀಯೇನೇ? ಆ ಕತ್ತರಿ ಸ್ವಲ್ಪ ಕೊಡ್ತೀಯಾ?"

ಪುಟ ಮುಗಿಸಿ ಕೊಟ್ಟೆ. ಅವಳು ಅಲ್ಲಿಯವರೆಗೆ ಕಾದಳು.